ಮಾಂಡೊನ ಎರಡು ಪಾಯಿಂಟ್ ಒಂಬತ್ತು

ಸ್ಟೇಟನ್ ಐಲೆಂಡಿನ ನಮ್ಮ ಬೀದಿಯಲ್ಲಿ ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ ಎಂದರೆ ಆ ಇನ್ನೊಬ್ಬರು ಊರಲ್ಲಿಲ್ಲ ಎಂದೇ ಅರ್ಥ. ಹೀಗಿರುವಾಗ ನಮ್ಮ ಪಕ್ಕದ ಮನೆಯ ಆರ್ಮಾಂಡೊ ಪಿಚಿರಿಲ್ಲೊ, ನಮಗೆಲ್ಲ ಮಾಂಡೊ, ಕಾಲೇಜು ಮುಗಿಸಿ ಬಂದು ವಾರಗಳೇ ಕಳೆದರೂ ಅವನ ಜಿಪಿಎ, ಅಂದರೆ ಸರಾಸರಿ ಅಂಕ, ಎಷ್ಟೆಂಬುದು ಯಾರಿಗೂ ತಿಳಿಯಲಿಲ್ಲ. ಆ ಹುಡುಗ ಅಲ್ಲಿಯವರೆಗೆ ಸಾಧಿಸಿದ್ದರಲ್ಲಿ ಇದೇ ದೊಡ್ಡದು ಎನ್ನಬೇಕು.

ಮಿಕ್ಕ ಕೆಲಸಗಳು ಅವನ ಕೈಗೆ ಅಷ್ಟಾಗಿ ಹತ್ತುತ್ತಿರಲಿಲ್ಲ. ಸೋದರತ್ತೆಯ ಗಂಡ ತೀರಿಕೊಂಡಾಗ ಹೊಸ ಕೋಟು ಹಾಕಿಕೊಂಡು ಹೊರಟವನು ಬೇರೆ ಯಾರದೋ ಶವದ ಮುಂದೆ ಅರ್ಧ ಗಂಟೆ ಅತ್ತು, ಅವರ ಮನೆಯಲ್ಲಿ ಊಟವನ್ನೂ ಮುಗಿಸಿ ಬಂದಿದ್ದ. ಆ ಮನೆಯವರು ಈಗಲೂ ಅವನಿಗೆ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುತ್ತಾರೆ. ಕಾಲೇಜಿಗೆ ಸೇರುವ ದಿನ ತಪ್ಪು ಸಾಲಿನಲ್ಲಿ ನಿಂತದ್ದರಿಂದಲೇ ಅವನು ಫೈನಾನ್ಸ್ ಓದಿದ್ದು ಎಂದು ಅವನ ಅಪ್ಪ ಗೇಟಾನೊ ಹೇಳುತ್ತಾನೆ. ಗೇಟಾನೊ ನಗರದ ಬಸ್ಸು ಓಡಿಸುವವನು. ಸಾಲುಗಳ ವಿಷಯದಲ್ಲಿ ಅವನ ಮಾತನ್ನು ನಂಬಬಹುದು.

ಮಾಂಡೊನ ಜಿಪಿಎ ನಾಲ್ಕಕ್ಕೆ ಎರಡು ಪಾಯಿಂಟ್ ಒಂಬತ್ತು. ಬೇರೆ ಯಾವ ಕಸುಬಿಗಾದರೂ ಇದು ಮರ್ಯಾದಸ್ಥ ಅಂಕವೇ. ಆದರೆ ನೀರಿನಾಚೆ ಮ್ಯಾನ್‌ಹಟನ್ನಿನ ಬ್ಯಾಂಕುಗಳಲ್ಲಿ ಮೂರೂವರೆಗಿಂತ ಕೆಳಗಿನವರನ್ನು ಬಾಗಿಲಲ್ಲಿ ನಿಂತ ಕಾವಲುಗಾರನೂ ಮಾತಾಡಿಸುವುದಿಲ್ಲ. ಕಾಲೇಜಿನಲ್ಲಿ ಉದ್ಯೋಗದ ಸಲಹೆ ಕೊಡುವ ಹೆಂಗಸು ಅವನ ರೆಸ್ಯೂಮೆ ನೋಡಿ, "ಇದನ್ನ ಯಾಕಪ್ಪಾ ಬರ್ದೆ? ಮೂರೂವರೆ ಇಲ್ದಿದ್ರೆ ಆ ಸಾಲೇ ಬೇಡ. ತೆಗ್ದುಬಿಡು" ಎಂದಳಂತೆ. ಮಾಂಡೊ ತೆಗೆದುಬಿಟ್ಟ. ಅವನು ಜೀವನದಲ್ಲಿ ಯಾರ ಸಲಹೆಯನ್ನಾದರೂ ಸರಿಯಾಗಿ ಪಾಲಿಸಿದ್ದು ಅದೊಂದನ್ನೇ. ಎಲ್ಲ ಫಜೀತಿಯೂ ಅಲ್ಲಿಂದಲೇ ಶುರುವಾಯಿತು.

ಅಂದು ಭಾನುವಾರ. ಪಿಚಿರಿಲ್ಲೊ ಮನೆಯಲ್ಲಿ ಮಧ್ಯಾಹ್ನದ ಊಟ. ನಾನೂ ಇದ್ದೆ, ನಾನು ಮ್ಯಾನ್‌ಹಟನ್ನಿಗೆ ಹೋಗಿಬರುವ ಫೆರಿ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸದವನು, ಮದುವೆ ಆಗಿಲ್ಲ, ಭಾನುವಾರ ಆ ಮನೆಯಲ್ಲೇ ಉಣ್ಣುವುದು ರೂಢಿ. ಗೇಟಾನೊನ ತಂಗಿ ಲೊರೆಟಾ ತನ್ನ ಮಗ ಕ್ರೇಗ್‌ನನ್ನು ಕರೆದುಕೊಂಡು ಬಂದಿದ್ದಳು. ಕ್ರೇಗ್ ಕೂಡ ಅದೇ ವರ್ಷ ಫೈನಾನ್ಸ್ ಮುಗಿಸಿದವನು. ಅವನದು ಮೂರು ಪಾಯಿಂಟ್ ಎಂಟು. ಅದನ್ನು ಲೊರೆಟಾ ರೆಸ್ಯೂಮೆಯಲ್ಲಿ ಎಷ್ಟು ದಪ್ಪ ಅಕ್ಷರದಲ್ಲಿ ಹಾಕಿಸಿದ್ದಳೆಂದರೆ, ದೂರದಿಂದ ನೋಡಿದವರಿಗೆ ಅದು ಅವನ ಹೆಸರಿನಂತೆ ಕಾಣುತ್ತಿತ್ತು.

ಮಾಂಡೊನ ತಾಯಿ ಫಿಲೊಮಿನಾ ಮಗನ ರೆಸ್ಯೂಮೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಲೊರೆಟಾ ಕನ್ನಡಕ ಏರಿಸಿಕೊಂಡು ಅದನ್ನು ಮೇಲಿಂದ ಕೆಳಗೆ ಓದಿದಳು. ಮತ್ತೆ ಕೆಳಗಿಂದ ಮೇಲಕ್ಕೆ ಓದಿದಳು.

"ಏನೋ ಮಾಂಡೊ, ಇದರಲ್ಲಿ ಜಿಪಿಎ ಎಲ್ಲೋ?"

ಮಾಂಡೊನ ಬಾಯಿ ತುಂಬ ಪಾಸ್ತಾ ಇತ್ತು. "ಹಾಕಿಲ್ಲ ಅತ್ತೆ."

"ಯಾಕೆ ಹಾಕಿಲ್ಲ?"

"ದೊಡ್ಡ ಕಂಪನಿಗೆ ಕಳ್ಸೋವಾಗ ಹಾಕ್ಬಾರ್ದಂತೆ. ಹಾಕಿದ್ರೆ ಮುಜುಗರ ಆಗುತ್ತೆ."

"ಯಾರಿಗೆ ಮುಜುಗರ?"

"ನೋಡಿದೋರಿಗೆ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಫಿಲೊಮಿನಾಳ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಮುಖ ಅರಳಿತು. ತನ್ನ ಮಗನ ಅಂಕ ನೋಡಿದವರು ನಾಚಿ ತಲೆ ತಗ್ಗಿಸುವಷ್ಟು ಎತ್ತರದಲ್ಲಿದೆ ಎಂದು ತಾಯಿಯ ಕಿವಿಗೆ ಕೇಳಿಸಿತ್ತು.

"ನೋಡಿದ್ಯಾ ಲೊರೆಟಾ?" ಎಂದಳು. "ಇಷ್ಟು ದಿನ ಬಾಯಿ ಬಿಡ್ಲಿಲ್ಲ ನನ್ನ ಮಗ."

"ಅಮ್ಮಾ, ಹಾಗಲ್ಲ..." ಎಂದು ಮಾಂಡೊ ಶುರುಮಾಡಿದ. ಅಷ್ಟರಲ್ಲಿ ಫಿಲೊಮಿನಾ ಅವನ ತಟ್ಟೆಗೆ ಇನ್ನೊಂದು ಸೌಟು ಪಾಸ್ತಾ ಬಡಿಸಿದಳು. ಮಾಂಡೊ ಮಾತಿಗಿಂತ ಊಟವನ್ನು ಆರಿಸಿಕೊಂಡ.

ಫಿಲೊಮಿನಾ ಹೆಂಗಸರ ಸಲೂನಿನಲ್ಲಿ ಕೆಲಸ ಮಾಡುತ್ತಾಳೆ. ಪತ್ರಿಕೆಗೆ ಸುದ್ದಿ ಕೊಟ್ಟರೆ ಮಾರನೆಯ ದಿನ ಬರುತ್ತದೆ; ಅವಳ ಕುರ್ಚಿಯಲ್ಲಿ ಕೂತವರಿಗೆ ಕೂದಲು ಒಣಗುವುದರೊಳಗೆ ಬರುತ್ತದೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮಾಂಡೊನ ಅಂಕ ನಾಲ್ಕಕ್ಕೆ ನಾಲ್ಕಾಗಿತ್ತು. ಸಂಜೆ ಮಾಂಸದಂಗಡಿಯಲ್ಲಿ ನಾನು ವಿಚಾರಿಸಿದಾಗ ನಾಲ್ಕು ಪಾಯಿಂಟ್ ಎರಡಕ್ಕೆ ಏರಿತ್ತು.

"ನಾಲ್ಕಕ್ಕೆ ನಾಲ್ಕೂ ಚಿಲ್ಲರೆ ಹೇಗಯ್ಯಾ ಬರುತ್ತೆ?" ಎಂದೆ.

ಕಟುಕ ಕತ್ತಿ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದ. "ಅದಕ್ಕೇ ಅಲ್ವಾ ವಿನ್ಸಣ್ಣ, ಹುಡುಗ ಬಚ್ಚಿಟ್ಟಿರೋದು? ಎಲ್ರಿಗೂ ಅರ್ಥ ಆಗೋ ಅಂಥದ್ದಲ್ಲ ಅದು."

ಅಲ್ಲಿಂದ ಮುಂದೆ ಮಾಂಡೊ ಬೀದಿಯಲ್ಲಿ ನಡೆದರೆ ಜನ ದಾರಿ ಬಿಡತೊಡಗಿದರು. ಪಿಂಚಣಿಯ ಮುದುಕರು ತಮ್ಮ ಷೇರುಗಳ ಗತಿ ಏನೆಂದು ಕೇಳಿದರು. "ನಂಗೊತ್ತಿಲ್ಲ" ಎಂದು ಅವನು ನಿಜವನ್ನೇ ಹೇಳಿದ. "ನೋಡಿ, ಎಷ್ಟು ಜವಾಬ್ದಾರಿಯಿಂದ ಮಾತಾಡ್ತಾನೆ" ಎಂದು ಅವರು ಒಬ್ಬರಿಗೊಬ್ಬರು ಹೇಳಿಕೊಂಡರು.

ಮುಂದಿನ ಭಾನುವಾರ ಚರ್ಚಿನಲ್ಲಿ ಫಾದರ್ ಡನ್‌ಫಿ ವಿನಯದ ಬಗ್ಗೆ ಪ್ರಸಂಗ ಮಾಡಿದರು. "ತನ್ನ ಹಿರಿಮೆಯನ್ನು ತಾನೇ ಅಳಿಸಿಹಾಕುವವನು ಧನ್ಯ. ಅಂಥ ಯುವಕನೊಬ್ಬ ನಮ್ಮ ನಡುವೆಯೇ ಇದ್ದಾನೆ. ಹೆಸರು ಹೇಳಿ ಅವನಿಗೆ ಸಂಕೋಚ ಉಂಟುಮಾಡುವುದಿಲ್ಲ. ಎರಡನೆಯ ಸಾಲಿನಲ್ಲಿ ನೀಲಿ ಅಂಗಿ ತೊಟ್ಟು ಕೂತಿದ್ದಾನೆ" ಎಂದರು. ಇಡೀ ಚರ್ಚು ಎರಡನೆಯ ಸಾಲಿನತ್ತ ತಿರುಗಿತು. ಮಾಂಡೊ ತನ್ನ ಅಂಗಿಯ ಬಣ್ಣ ಈಗ ತಾನೇ ಗೊತ್ತಾದವನಂತೆ ಅದನ್ನೇ ನೋಡುತ್ತ ಕೂತ.

ಈ ಪ್ರಸಂಗ ನಾಟಿದ್ದು ಲೊರೆಟಾಗೆ. ಪೂಜೆ ಮುಗಿದು ಮೆಟ್ಟಿಲಿಳಿಯುವಾಗಲೇ ಮಗನ ತೋಳು ಹಿಡಿದಳು.

"ಕ್ರೇಗ್, ಮನೆಗೆ ಹೋದ ತಕ್ಷಣ ಆ ಮೂರು ಪಾಯಿಂಟ್ ಎಂಟು ಅಳಿಸು."

"ಅಮ್ಮಾ, ಬ್ಯಾಂಕ್‌ನೋರು ಮೊದ್ಲು ನೋಡೋದೇ ಅದನ್ನ!"

"ಚಿಕ್ಕ ಬ್ಯಾಂಕ್‌ನೋರು ನೋಡ್ತಾರೆ. ದೊಡ್ಡೋರಿಗೆ ಅಂಕ ತೋರ್ಸೋದು ಅಂದ್ರೆ ಊಟಕ್ಕೆ ಕರೆದ್ರೆ ಬನಿಯನ್ನಲ್ಲಿ ಹೋದ ಹಾಗೆ. ಮಾಂಡೊನ ನೋಡಿ ಕಲಿ."

ಕ್ರೇಗ್ ಒಳ್ಳೆಯ ಹುಡುಗ. ಲೆಕ್ಕದಲ್ಲಿ ಚುರುಕು, ಮಿಕ್ಕ ವಿಷಯಗಳಲ್ಲಿ ಅಮ್ಮ ಹೇಳಿದಂತೆ. ಅಳಿಸಿಬಿಟ್ಟ. ಅದುವರೆಗೆ ಅವನಿಗೆ ಫೋನ್ ಮಾಡುತ್ತಿದ್ದ ಕಂಪನಿಗಳು ಒಂದೊಂದಾಗಿ ಮೌನವಾದವು. ಹೊಸದಾಗಿ ಅರ್ಜಿ ಹಾಕಿದಲ್ಲೆಲ್ಲ ಖಾಲಿ ಜಾಗ ಕಂಡ ಕಂಪ್ಯೂಟರು ಅವನನ್ನು ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಹೊರದಬ್ಬುತ್ತಿತ್ತು. ಲೊರೆಟಾ ಮಾತ್ರ ಎದೆಗುಂದಲಿಲ್ಲ. "ಯೋಚ್ನೆ ಮಾಡ್ತಾ ಇದಾರೆ. ದೊಡ್ಡೋರು ಯೋಚ್ನೆ ಮಾಡ್ತಾರೆ" ಎನ್ನುತ್ತಿದ್ದಳು.

ಇತ್ತ ಮಾಂಡೊಗೆ ಒಂದು ಕರೆ ಬಂತು. ಫಿಲೊಮಿನಾಳ ಸಲೂನಿಗೆ ಬರುವ ಮಿಸೆಸ್ ವೂರ್ಹೀಸ್ ಎಂಬಾಕೆಯ ಮೈದುನ ಹಡಲ್‌ಸ್ಟನ್ ಪೀಕ್ ಎಂಬ ಹೂಡಿಕೆ ಕಂಪನಿಯಲ್ಲಿ ಪಾಲುದಾರ. ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಲೇ ಆಕೆ ಅವನಿಗೆ ಫೋನ್ ಮಾಡಿ, ಅಂಕ ಬಚ್ಚಿಡುವ ಒಬ್ಬ ಮೇಧಾವಿ ಇದ್ದಾನೆ, ಬೇರೆಯವರು ಹಾರಿಸಿಕೊಂಡು ಹೋಗುವ ಮೊದಲು ನೋಡಿ ಎಂದಿದ್ದಳು. ಸಂದರ್ಶನ ನಿಗದಿಯಾಯಿತು.

ಆ ಬೆಳಿಗ್ಗೆ ಫೆರಿಯಲ್ಲಿ ನನ್ನದೇ ಪಾಳಿ. ಬೀದಿಯ ಅರ್ಧ ಜನ ದಡದವರೆಗೆ ಬಂದಿದ್ದರು. ಫಿಲೊಮಿನಾ ಮಗನ ಕಾಲರು ಸರಿಮಾಡಿ ಮಾಡಿ ಅದನ್ನು ಕೆಡಿಸಿದಳು. ಗೇಟಾನೊ ತನ್ನ ಮದುವೆಯ ಟೈ ಕಟ್ಟಿಸಿದ್ದ. ಅದರ ಅಗಲದಲ್ಲಿ ಒಂದು ಮಗುವಿಗೆ ಅಂಗಿ ಹೊಲಿಸಬಹುದಿತ್ತು. ಲೊರೆಟಾ ಕ್ರೇಗ್‌ನನ್ನೂ ಜೊತೆಗೆ ಕಳಿಸಿದಳು. "ಹೊರಗಡೆ ಕೂತ್ಕೊ. ಇವನ ಕೋಟು, ಚೀಲ ಹಿಡ್ಕೊ. ಹೇಗೆ ಒಳಗೆ ಹೋಗ್ತಾನೆ, ಹೇಗೆ ಹೊರಗೆ ಬರ್ತಾನೆ, ಎಲ್ಲಾ ನೋಡ್ಕೊಂಡು ಬಾ."

ದೋಣಿ ಹೊರಟ ಮೇಲೆ ಇಬ್ಬರೂ ಕಂಬಿ ಹಿಡಿದು ನಿಂತರು. ಮಾಂಡೊನ ಕೈಯಲ್ಲಿ ಮೊಟ್ಟೆ ಹಾಕಿದ ಬನ್ನಿತ್ತು. ನಾನು ಹಗ್ಗ ಸುತ್ತುತ್ತ ಪಕ್ಕದಲ್ಲೇ ಇದ್ದೆ.

"ಮಾಂಡೊ, ಒಂದು ಮಾತು ಕೇಳ್ಲಾ?" ಎಂದ ಕ್ರೇಗ್. "ನೀನ್ ಹೇಳಿದ್ ಹಾಗೆ ಅಂಕ ತೆಗೆದ್ಮೇಲೆ ಒಬ್ರೂ ಕರೀತಿಲ್ಲ. ಇನ್ನೆಷ್ಟು ದಿನ ಹೀಗಿರುತ್ತೆ?"

ಮಾಂಡೊ ಅಗಿಯುವುದನ್ನು ನಿಲ್ಲಿಸಿದ. "ಏನ್ ತೆಗ್ದೆ?"

"ಮೂರು ಪಾಯಿಂಟ್ ಎಂಟು."

"ತೆಗ್ದ್ಯಾ? ಯಾಕೋ ತೆಗ್ದೆ?"

"ನೀನೂ ತೆಗ್ದಿದ್ದೀಯಲ್ಲ?" ಎಂದ ಕ್ರೇಗ್. "ಬೇಜಾರಿಲ್ಲ ಬಿಡು. ನಿನ್ನಷ್ಟು ದೊಡ್ಡ ಅಂಕ ನಂದಲ್ಲ, ಅದಕ್ಕೇ ಸ್ವಲ್ಪ ತಡ ಆಗ್ತಿದೆ ಅನ್ಸುತ್ತೆ."

ಮಾಂಡೊನ ಕೈಯಿಂದ ಬನ್ನು ಜಾರಿ ಸಮುದ್ರಕ್ಕೆ ಬಿತ್ತು. ಒಂದು ಕಡಲಹಕ್ಕಿ ಅದನ್ನು ನೀರು ಮುಟ್ಟುವ ಮೊದಲೇ ಹಿಡಿದುಕೊಂಡಿತು. ಅವನು ಊಟ ಕೈಬಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಳಿಯುವಾಗ ನನ್ನತ್ತ ತಿರುಗಿ, "ವಿನ್ಸ್ ಮಾಮ, ಈ ದೋಣಿ ವಾಪಸ್ ಯಾವಾಗ ಹೊರಡುತ್ತೆ?" ಎಂದು ಕೇಳಿದ. "ಈಗ್ಲೇ ಹೊರಡುತ್ತೆ" ಎಂದೆ. ಅವನು ಸ್ವಲ್ಪ ಹೊತ್ತು ದೋಣಿಯನ್ನು ನೋಡಿ, ಆಮೇಲೆ ಕ್ರೇಗ್‌ನ ಹಿಂದೆ ನಡೆದ.

ಕಚೇರಿಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದು ತಾಳೆಯಾಗುವುದರಿಂದ ನಂಬಿದ್ದೇನೆ.

ಸಂದರ್ಶನ ಮಾಡಿದಾಕೆ ಮಿಸ್ ಅಬರ್‌ನಾಥಿ. ತುಂಡು ಕೂದಲು, ನೆಟ್ಟ ನೋಟ. ನಗು ಅವಳಿಗೆ ಆಗಿಬರುವುದಿಲ್ಲವೇನೋ ಎಂಬಂಥ ಮುಖ. ಮಾಂಡೊ ಕೂತ ಕೂಡಲೇ ರೆಸ್ಯೂಮೆಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟಳು.

"ಪಾಲುದಾರರು ನಿಮ್ಮ ಬಗ್ಗೆ ತುಂಬಾ ಹೇಳಿದಾರೆ. ಆದ್ರೆ ಇಲ್ಲಿ ಅಂಕಾನೇ ಇಲ್ಲ. ಎಷ್ಟು?"

"ಎರಡು ಪಾಯಿಂಟ್ ಒಂಬತ್ತು ಮೇಡಂ."

ಮಿಸ್ ಅಬರ್‌ನಾಥಿ ಪೆನ್ನಿನ ಮುಚ್ಚಳ ಹಾಕಿದಳು.

"ಹೊರಗಡೆ ನನ್ನ ಅತ್ತೆ ಮಗ ಕೂತಿದಾನೆ" ಎಂದ ಮಾಂಡೊ ಒಂದೇ ಉಸಿರಿಗೆ. "ಅವನದು ಮೂರು ಪಾಯಿಂಟ್ ಎಂಟು. ನಾನು ನಾಚಿಕೆಗೆ ಬಚ್ಚಿಟ್ಟೆ, ಮನೇಲಿ ಅದನ್ನ ದೊಡ್ಡಸ್ತಿಕೆ ಅಂದ್ಕೊಂಡ್ರು, ಅವನೂ ತೆಗ್ದುಬಿಟ್ಟ. ಈಗ ಅವನನ್ನ ಯಾರೂ ಕರೀತಿಲ್ಲ. ನನ್ನ ಬಿಡಿ. ಅವನನ್ನ ಕರೀರಿ ಮೇಡಂ. ಅಲ್ಲಿ ನನ್ನ ಕೋಟು ಹಿಡ್ಕೊಂಡು ಕೂತಿದಾನೆ."

ಅವಳು ಎದ್ದು ಬಾಗಿಲು ತೆರೆದು ಕ್ರೇಗ್‌ನನ್ನು ಒಳಗೆ ಕರೆದಳು. ಕ್ರೇಗ್ ಎರಡು ಕೋಟು, ಎರಡು ಚೀಲ ಅಪ್ಪಿಕೊಂಡು ಬಂದು ನಿಂತ.

"ನಿಮ್ಮ ಜಿಪಿಎ ಎಷ್ಟು?"

ಕ್ರೇಗ್ ಮಾಂಡೊನತ್ತ ನೋಡಿದ. ಪರೀಕ್ಷೆಯ ಗಳಿಗೆ ಬಂದೇಬಿಟ್ಟಿತೆಂದು ಅವನಿಗೆ ತೋಚಿತು. ಎದೆ ಸೆಟೆಸಿದ.

"ಕ್ಷಮಿಸ್ಬೇಕು ಮೇಡಂ, ಹೇಳಲ್ಲ."

"ಯಾಕೆ?"

"ಹೇಳಿದ್ರೆ ನಿಮಗೆ ಮುಜುಗರ ಆಗುತ್ತೆ."

"ಅಷ್ಟು ಕೆಟ್ಟದಾಗಿದೆಯಾ?"

ಕ್ರೇಗ್ ವಿನಯದಿಂದ ಕಣ್ಣು ಮುಚ್ಚಿದ.

"ಲೋ, ಹೇಳೋ!" ಎಂದು ಮಾಂಡೊ ಕೂಗಿದ. "ಮೂರು ಪಾಯಿಂಟ್ ಎಂಟು ಅಂತ ಹೇಳೋ ಮಂಕೇ!"

"ಆಸೆ ತೋರಿಸ್ಬೇಡ ಮಾಂಡೊ" ಎಂದ ಕ್ರೇಗ್, ಕಣ್ಣು ಮುಚ್ಚಿಕೊಂಡೇ. "ಫಾದರ್ ಹೇಳಿದ್ದು ಮರೆತಿಲ್ಲ ನಾನು."

ಗಾಜಿನ ಗೋಡೆಯಾಚೆ ಜನ ಎದ್ದು ನೋಡತೊಡಗಿದರು. ಮಾಂಡೊ ಕುರ್ಚಿಯಿಂದೆದ್ದು ಕ್ರೇಗ್‌ನ ಹೆಗಲು ಹಿಡಿದು ಅಲುಗಿಸಿದ. "ನನ್ನದು ಎರಡು ಪಾಯಿಂಟ್ ಒಂಬತ್ತು ಕಣೋ! ಎರಡು! ಪಾಯಿಂಟ್! ಒಂಬತ್ತು! ಅದಕ್ಕೇ ಹಾಕ್ಲಿಲ್ಲ!"

ಕ್ರೇಗ್ ಕಣ್ಣು ಬಿಟ್ಟ. ಅವನ ತೋಳಿನಿಂದ ಮೊದಲು ಮಾಂಡೊನ ಕೋಟು, ಆಮೇಲೆ ಅವನದೇ ಕೋಟು, ಕೊನೆಗೆ ಚೀಲಗಳೆರಡೂ ಕೆಳಗೆ ಬಿದ್ದವು.

"ನಿಜವಾಗ್ಲೂ?"

"ದೇವರಾಣೆ."

"ಹಾಗಾದ್ರೆ..." ಕ್ರೇಗ್ ಮಿಸ್ ಅಬರ್‌ನಾಥಿಯ ಕಡೆ ತಿರುಗಿದ. "ಮೂರು ಪಾಯಿಂಟ್ ಎಂಟು ಮೂರು ಮೇಡಂ. ಪಾಯಿಂಟ್ ಎಂಟು ಅಂತ ಬರೆದ್ರೆ ಸಾಕು ಅಂತ ಅಮ್ಮ ಹೇಳಿದ್ರು."

ಅವಳು ಅವನನ್ನು ಕೂರಿಸಿಕೊಂಡು ಒಂದು ಗಂಟೆ ಪ್ರಶ್ನೆ ಕೇಳಿದಳು. ಅಷ್ಟೂ ಹೊತ್ತು ಮಾಂಡೊ ಹೊರಗೆ ಕೋಟು ಹಿಡಿದುಕೊಂಡು ಕೂತಿದ್ದ. ಕ್ರೇಗ್ ಹೊರಬಂದಾಗ ಕೆಲಸ ಸಿಕ್ಕಿತ್ತು. ಮಿಸ್ ಅಬರ್‌ನಾಥಿ ಬಾಗಿಲವರೆಗೂ ಬಂದು ಮಾಂಡೊಗೆ ಹೇಳಿದಳು:

"ನಿಮಗೆ ಇಲ್ಲಿ ಕೊಡೋಕಾಗಲ್ಲ. ಅರ್ಜಿ ರಾಶಿ ಬಿದ್ದಿರುತ್ತೆ, ಎಲ್ಲಾ ಓದೋಕೆ ನಮಗೆ ಪುರುಸೊತ್ತಿಲ್ಲ, ಮೂರೂವರೆ ಅಂತ ಗೆರೆ ಎಳೆದುಬಿಡ್ತೀವಿ. ಗೆರೆ ಕೆಳಗಿರೋರು ದಡ್ಡರು ಅಂತಲ್ಲ. ಬೇರೆ ಎಲ್ಲಾದ್ರೂ ಸೇರ್ಕೊಳ್ಳಿ, ಎರಡು ವರ್ಷ ಚೆನ್ನಾಗಿ ಕೆಲಸ ಮಾಡಿ. ಆಮೇಲೆ ಈ ಅಂಕಾನ ಯಾರೂ ಕೇಳಲ್ಲ."

"ನಿಮ್ಮದೆಷ್ಟಿತ್ತು ಮೇಡಂ?" ಎಂದು ಕೇಳಿದ ಮಾಂಡೊ. ಕೆಣಕಬೇಕೆಂದಲ್ಲ, ತಿಳಿದುಕೊಳ್ಳಲು.

ಮಿಸ್ ಅಬರ್‌ನಾಥಿಯ ಕಿವಿ ಕೆಂಪಾಯಿತು. "ದೋಣಿಗೆ ಹೊತ್ತಾಯ್ತು ನೋಡಿ ನಿಮಗೆ" ಎಂದಳು.

ಪಿಚಿರಿಲ್ಲೊ ಮನೆಯಲ್ಲಿ ಹಬ್ಬದೂಟ ಕಾಯುತ್ತಿತ್ತು. ಫಾದರ್ ಡನ್‌ಫಿ ಮೇಜಿನ ತುದಿಯ ಮುಖ್ಯ ಕುರ್ಚಿಯಲ್ಲಿ ಕೂತಿದ್ದರು. ಹುಡುಗರು ಒಳಗೆ ಬಂದರು. ಕೆಲಸ ಸಿಕ್ಕಿದ್ದು ಕ್ರೇಗ್‌ಗೆ ಎಂದು ತಿಳಿದಾಗ ಲೊರೆಟಾ ಕಿರುಚಿದಳು, ಅತ್ತಳು, ಮಗನನ್ನು ಮುದ್ದಾಡಿದಳು. ಫಿಲೊಮಿನಾ ಸೌಟು ಹಿಡಿದು ಕಲ್ಲಾಗಿ ನಿಂತಳು.

"ಮತ್ತೆ ಮಾಂಡೊಗೆ?"

ಮಾಂಡೊ ಮೇಜಿನ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡ. "ಎಲ್ರೂ ಕೇಳಿ. ನನ್ನ ಅಂಕ ನಾಲ್ಕಲ್ಲ. ನಾಲ್ಕು ಪಾಯಿಂಟ್ ಎರಡೂ ಅಲ್ಲ. ಎರಡು ಪಾಯಿಂಟ್ ಒಂಬತ್ತು. ಕಮ್ಮಿ ಅಂತ ಬಚ್ಚಿಟ್ಟೆ. ಅದನ್ನೇ ಅಲ್ಲಿ ಹೇಳ್ದೆ. ಕ್ರೇಗ್‌ನ ತಗೊಳ್ಳಿ ಅಂದೆ."

ಫಿಲೊಮಿನಾಳ ತುಟಿ ಅದುರಿತು. ಈಗ ಹುಡುಗನ ಕಥೆ ಮುಗಿಯಿತು ಎಂದು ನಾನು ತಟ್ಟೆಯತ್ತ ಕಣ್ಣು ತಗ್ಗಿಸಿದೆ.

"ಕೇಳಿದ್ರಾ ಫಾದರ್?" ಎಂದಳು ಫಿಲೊಮಿನಾ, ಕಣ್ಣೊರೆಸಿಕೊಳ್ಳುತ್ತ. "ತನ್ನ ಕೆಲಸಾನೇ ಅತ್ತೆ ಮಗನಿಗೆ ಬಿಟ್ಟುಕೊಟ್ಟು ಬಂದಿದಾನೆ. ಅದೂ ಸಾಲ್ದು ಅಂತ, ಕ್ರೇಗ್‌ಗೆ ಕೀಳರಿಮೆ ಆಗ್ಬಾರ್ದು ಅಂತ ಎರಡು ಪಾಯಿಂಟ್ ಒಂಬತ್ತು ಅಂತಾನೆ!"

"ಅಮ್ಮಾ, ನಿಜ ಅಮ್ಮಾ!"

"ಎರಡು ಪಾಯಿಂಟ್ ಒಂಬತ್ತಂತೆ!" ಲೊರೆಟಾ ಎದೆಗೆ ಕೈಯಿಟ್ಟುಕೊಂಡಳು. "ನಮ್ಮ ವಂಶದಲ್ಲಿ ಅಷ್ಟು ಕಮ್ಮಿ ಯಾರಿಗೆ ಬಂದಿತ್ತೋ? ಸುಳ್ಳು ಹೇಳೋಕೂ ಬರಲ್ಲ ಪಾಪ, ನನ್ನ ಚಿನ್ನಕ್ಕೆ."

ಮಾಂಡೊ ಒಳಗೆ ಓಡಿ ಕಾಲೇಜಿನ ಅಂಕಪಟ್ಟಿ ತಂದು ಮೇಜಿನ ಮೇಲೆ ಬಿಡಿಸಿಟ್ಟ. ಲೊರೆಟಾ ಕನ್ನಡಕ ಏರಿಸಿ ನೋಡಿದಳು. "ಅಯ್ಯೋ! ಮೊಹರು ಸಮೇತ ಮಾಡಿಸ್ಕೊಂಡು ಬಂದಿದಾನೆ!" ಎಂದು ಮತ್ತೆ ಅತ್ತಳು. ಕ್ರೇಗ್, "ಇಲ್ಲಮ್ಮ, ಅದು ನಿಜ, ನಾನೂ ಕೇಳಿಸ್ಕೊಂಡೆ" ಎಂದ. "ನೀನು ಸುಮ್ನಿರು. ನಿನಗೆ ಉಪಕಾರ ಮಾಡಿದೋನ ಬಗ್ಗೆ ಹಾಗೆಲ್ಲ ಮಾತಾಡ್ಬಾರ್ದು" ಎಂದು ಅವಳು ಗದರಿದಳು.

ಮಾಂಡೊ ಕೊನೆಯ ಆಸೆಯಿಂದ ಅಪ್ಪನತ್ತ ನೋಡಿದ. ಗೇಟಾನೊ ಅಂಕಪಟ್ಟಿಯನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ತುಂಬ ಹೊತ್ತು ಓದಿದ. ಮಡಿಸಿ ಮಗನ ಜೇಬಿಗೆ ಹಾಕಿದ. "ಊಟ ಮಾಡು" ಎಂದ. ಅವನಿಗೆ ಅರ್ಥವಾಗಿತ್ತೆಂದು ನನ್ನ ಗುಮಾನಿ. ಆದರೆ ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಯಾವಾಗ ಬಾಯಿ ಮುಚ್ಚಬೇಕೆಂಬುದೂ ಅರ್ಥವಾಗಿತ್ತು.

ಶನಿವಾರ ಮಾಂಡೊ ಪಾಪನಿವೇದನೆಗೆ ಹೋದ. ಜಾಲರಿಯ ಆಚೆ ಫಾದರ್ ಡನ್‌ಫಿ ಎಲ್ಲವನ್ನೂ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರಂತೆ. "ಮಗು, ವಿನಯಕ್ಕೂ ಒಂದು ಮಿತಿ ಉಂಟು. ತನ್ನನ್ನು ತಾನು ಇಷ್ಟು ಹಳಿದುಕೊಳ್ಳುವುದೂ ಒಂದು ಬಗೆಯ ಅಹಂಕಾರವೇ" ಎಂದು, ಕಮ್ಮಿ ಅಂಕ ಪಡೆದೆನೆಂದು ಸುಳ್ಳು ಹೇಳಿದ್ದಕ್ಕಾಗಿ ಪ್ರಾಯಶ್ಚಿತ್ತ ವಿಧಿಸಿದರು. ಮಾಂಡೊ ಮಂಡಿಯೂರಿ, ಮಾಡದ ತಪ್ಪಿಗೆ ಪ್ರಾರ್ಥನೆ ಸಲ್ಲಿಸಿ ಬಂದ. ಮಾಡಿದ ತಪ್ಪು ಅವನ ಬಳಿಯೇ ಉಳಿಯಿತು.

ಹಾಗೆಯೇ ಒಂದಿಡೀ ತಿಂಗಳು ಕಳೆಯಿತು. ನಿಜ ಹೇಳಿದಷ್ಟೂ ಅವನ ಕೀರ್ತಿ ಬೆಳೆಯುತ್ತಿತ್ತು. ಅವನು ಬೀದಿಯ ಹಿಂಬದಿಯಿಂದ ಓಡಾಡತೊಡಗಿದ, ಊಟ ಕಮ್ಮಿ ಮಾಡಿದ, ಮುಖ ಸಣ್ಣಗಾಯಿತು. ನೋಡಲಾರದೆ ನಾನೇ ಅವನನ್ನು ನಮ್ಮ ಫೆರಿ ನೌಕರರ ಸಹಕಾರಿ ಬ್ಯಾಂಕಿಗೆ ಕರೆದುಕೊಂಡು ಹೋದೆ. ಅಲ್ಲಿನ ಮ್ಯಾನೇಜರು ಮಿಸೆಸ್ ಟೊಗ್ಬಾ, ಲೈಬೀರಿಯಾದಿಂದ ಬಂದು ನಮ್ಮ ದ್ವೀಪದಲ್ಲಿ ನೆಲೆಸಿದ ಗಟ್ಟಿ ಹೆಂಗಸು. ಸಾಲದ ಮೇಜಿಗೆ ಒಬ್ಬರು ಬೇಕಾಗಿದ್ದರು. ಅವಳು ದೂರದ ಕಡೆ ವಾಸ, ಕೂದಲು ಮನೆಯಲ್ಲೇ ಹೆಣೆದುಕೊಳ್ಳುವವಳು. ಸಲೂನಿನ ಸುದ್ದಿ ಅವಳವರೆಗೆ ತಲುಪಿರಲಿಲ್ಲ.

"ಜನ ಬೈದ್ರೆ ಸಹಿಸ್ಕೊಳ್ತೀಯಾ?" ಎಂದು ಕೇಳಿದಳು.

"ಹೊಗಳಿದ್ದನ್ನೇ ಸಹಿಸ್ಕೊಂಡಿದೀನಿ ಮೇಡಂ."

"ನಾಳೆ ಬೆಳಿಗ್ಗೆ ಬಾ ಹಾಗಾದ್ರೆ."

ಮಾಂಡೊ ಏಳಲಿಲ್ಲ. ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡಿದ್ದ. "ನೀವು ಅಂಕ ಕೇಳಲೇ ಇಲ್ಲ."

"ಕೇಳ್ಬೇಕಾ?"

"ದಯವಿಟ್ಟು ಕೇಳಿ."

ಮಿಸೆಸ್ ಟೊಗ್ಬಾ ನನ್ನತ್ತ ನೋಡಿದಳು. ನಾನು ಛಾವಣಿ ನೋಡಿದೆ.

"ಸರಿ. ಎಷ್ಟು?"

"ಎರಡು ಪಾಯಿಂಟ್ ಒಂಬತ್ತು" ಎಂದ ಮಾಂಡೊ. "ನಂಬ್ತೀರಾ?"

ಅವಳು ಕನ್ನಡಕ ತೆಗೆದು ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ಅಳೆದಳು.

"ನೋಡಿದ್ರೆ ಎರಡೂವರೆ ಥರ ಕಾಣ್ತೀಯ" ಎಂದಳು.

ಮಾಂಡೊ ಎದ್ದು ಮೇಜಿನ ಮೇಲೆ ಬಗ್ಗಿ ಅವಳ ಎರಡೂ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ. ಹೊರಗೆ ಬಂದವನೇ, "ವಿನ್ಸ್ ಮಾಮ, ತುಂಬಾ ಹಸಿವಾಗ್ತಿದೆ" ಎಂದ.